ಕಂಪನಿ ಟೈರು, ಡ್ರೈವರ್ ತಪ್ಪು

ಯಾವುದಾದರೂ ಹೊಸ ಪಿಕಪ್ ಗಾಡಿಯ ರಿವ್ಯೂ ವಿಡಿಯೋ ತೆಗೆದು ನೋಡಿ. ಎಂಜಿನ್ ಎಷ್ಟು ಸಿಸಿ, ಲೋಡ್ ಎಷ್ಟು ಹೊರುತ್ತೆ, ಮೈಲೇಜ್ ಎಷ್ಟು, ಎಸಿ ಇದೆಯಾ, ಸ್ಕ್ರೀನ್ ಎಷ್ಟು ದೊಡ್ಡದು, ಎಲ್ಲಾ ಇರುತ್ತೆ. ಟೈರ್ ವಿಷಯ ಬಂದಾಗ ಮಾತ್ರ ಸೈಜ್ ಓದಿ ಹೇಳಿ ಕ್ಯಾಮೆರಾ ಮುಂದಕ್ಕೆ ಹೋಗಿಬಿಡುತ್ತೆ. ಶೂಟಿಂಗೂ ಅಷ್ಟೇ, ಹೆಚ್ಚಾಗಿ ಒಳ್ಳೆ ಬಿಸಿಲಲ್ಲಿ, ಒಣಗಿದ ನುಣುಪು ಹೈವೇಯಲ್ಲಿ. ಗಾಡಿಗೂ ರಸ್ತೆಗೂ ಇರುವ ನಂಟು ಅಂದರೆ ಒಂದೊಂದು ಟೈರ್ ಕೆಳಗೆ ಹೆಚ್ಚುಕಡಿಮೆ ಒಂದು ಅಂಗೈಯಗಲದ ರಬ್ಬರ್ ಅಷ್ಟೇ. ಬ್ರೇಕು, ಸ್ಟೀರಿಂಗು, ಎಬಿಎಸ್ಸು ಎಲ್ಲವೂ ಕೊನೆಗೆ ಆ ಅಂಗೈಯನ್ನೇ ನಂಬಿಕೊಂಡಿವೆ. ಅದರ ಬಗ್ಗೆ ಒಂದು ಮಾತೂ ಆಡದೆ ಗಾಡಿಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟು ಮುಗಿಸೋದನ್ನ ವಿಮರ್ಶೆ ಅಂತ ಹೇಗೆ ಕರೆಯೋಣ?

ನನ್ನ ಭಾವ ಸಕಲೇಶಪುರದ ಕಡೆ ಪಿಕಪ್ ಓಡಿಸ್ತಾರೆ. ಕಾಫಿ ಮೂಟೆ, ಮೆಣಸು, ಶುಂಠಿ, ಕೆಲವೊಮ್ಮೆ ಮಂಗಳೂರಿನವರೆಗೆ ಬಾಡಿಗೆ. ಹೊಸ ಗಾಡಿ ತಂದ ಮೊದಲ ಮಳೆಗಾಲದಲ್ಲೇ ಅವರು ಹೇಳಿದ್ದು: "ಲೋಡ್ ಇದ್ದಾಗ ಹೆಂಗೋ ನಡಿಯುತ್ತೆ ಮಾರಾಯ. ಖಾಲಿ ಗಾಡಿ ಎಸ್ಟೇಟ್ ದಾರೀಲಿ ಹತ್ಸು ನೋಡು, ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ." ಅದಕ್ಕೇ ಮಳೆಗಾಲ ಪೂರ್ತಿ ಹಿಂದೆ ನಾಲ್ಕು ಮರಳಿನ ಮೂಟೆ ಹಾಕಿಕೊಂಡೇ ತಿರುಗಾಡ್ತಾರೆ. ಡೀಸೆಲ್ ಉಳಿಸೋಕೆ ಅಂತ ಕಂಪನಿ ಹಾಕಿಕೊಟ್ಟ ಟೈರಿಗೆ ಗ್ರಿಪ್ ಸಿಗಲಿ ಅಂತ ಮರಳು ಹೊರೋದು, ಅದಕ್ಕೆ ಮತ್ತೆ ಡೀಸೆಲ್ ಸುಡೋದು. ಲೆಕ್ಕ ಎಲ್ಲಿಂದೆಲ್ಲಿಗೆ ಹೋಯ್ತು ನೋಡಿ.

ಇದರಲ್ಲಿ ಗಾಡಿಯ ರಚನೆಯ ಪಾಲೂ ಇದೆ. ಪಿಕಪ್‌ಗಳಲ್ಲಿ ಎಂಜಿನ್ ಮುಂದೆ ಇರುತ್ತೆ, ತಿರುಗುವ ಶಕ್ತಿ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಹೋಗುತ್ತೆ. ಖಾಲಿ ಇದ್ದಾಗ ಹಿಂದೆ ತೂಕವೇ ಇಲ್ಲ. ಹಿಂದಿನ ಪಟ್ಟೆ ಸ್ಪ್ರಿಂಗ್‌ಗಳು ಲೋಡಿಗೆ ಅಂತಲೇ ಗಟ್ಟಿ ಮಾಡಿರೋದರಿಂದ ಚಕ್ರ ಗುಂಡಿಗೆ ಬಿದ್ದಾಗ ನೆಲ ಬಿಟ್ಟು ಕುಣಿಯುತ್ತೆ. ಇಂಥ ಗಾಡಿಗೆ ಒಳ್ಳೆ ಹಿಡಿತದ ಟೈರ್ ಇನ್ನೂ ಹೆಚ್ಚು ಬೇಕು. ಹಾಗಾದರೆ ಯಾಕೆ ಕೊಡಲ್ಲ?

ಟೈರ್ ಮಾಡುವವರ ಮುಂದೆ ಮೂರು ಬೇಡಿಕೆ ಇರುತ್ತವೆ: ಹಗುರಾಗಿ ಉರುಳಬೇಕು, ಬಹಳ ದಿನ ಬಾಳಬೇಕು, ಒದ್ದೆಯಲ್ಲಿ ಹಿಡಿಯಬೇಕು. ಒಂದನ್ನು ಎಳೆದರೆ ಇನ್ನೊಂದು ಜಾರುತ್ತೆ. ರಬ್ಬರ್ ಉರುಳುವಾಗ ಮಡಚಿ ಬಿಚ್ಚಿಕೊಳ್ಳುತ್ತೆ, ಅದರಲ್ಲಿ ಶಕ್ತಿ ಶಾಖವಾಗಿ ಹೋಗುತ್ತೆ. ಆ ನಷ್ಟ ಕಡಿಮೆ ಆದರೆ ಮೈಲೇಜ್ ಬರುತ್ತೆ. ಆದರೆ ರಸ್ತೆಯ ಸಣ್ಣ ಉಬ್ಬುತಗ್ಗುಗಳನ್ನು ಹಿಡಿದುಕೊಳ್ಳೋಕೂ ರಬ್ಬರ್ ಅದೇ ಥರ ಶಕ್ತಿ ಕಳೆದುಕೊಳ್ಳಬೇಕು. ಈ ಗಂಟನ್ನು ಸ್ವಲ್ಪ ಸಡಿಲ ಮಾಡಿದ್ದು ಸಿಲಿಕಾ. 1992ರಲ್ಲಿ ಮಿಶೆಲಿನ್ ಅದನ್ನು ಬಳಸಿ 'ಗ್ರೀನ್ ಟೈರ್' ತಂದಿತು. ಅಂದರೆ ಎರಡನ್ನೂ ಒಂದಿಷ್ಟು ಜೊತೆಗೆ ಸಾಧಿಸೋ ವಿದ್ಯೆ ಹೊಸದೇನಲ್ಲ. ಆದರೆ ಅದಕ್ಕೆ ದುಡ್ಡು ಬೀಳುತ್ತೆ. ಸರಕು ಗಾಡಿ ಕೊಳ್ಳೋರು ಶೋರೂಮಲ್ಲಿ ಕೇಳೋದು ಬೆಲೆ ಮತ್ತು ಮೈಲೇಜ್. ಆಮೇಲೆ ಟೈರ್ ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ ಅಂತ. ಮಳೆಯಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಕೇಳೋರು ಇಲ್ಲ. ಕೇಳದೇ ಇರೋದನ್ನ ಯಾರು ಕೊಡ್ತಾರೆ?

ಆ ದೂರ ಎಷ್ಟು ಅಂತ ಒಂದು ಸಣ್ಣ ಲೆಕ್ಕ. ಗಂಟೆಗೆ 60 ಕಿಮೀ ವೇಗದಲ್ಲಿರುವ ಗಾಡಿ, ಘರ್ಷಣೆಯ ಅಂಕಿ 0.7 ಇರುವ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರ್‌ನಲ್ಲಿ ನಿಲ್ಲುತ್ತೆ. ಒದ್ದೆಯಲ್ಲಿ ಅದೇ ಅಂಕಿ 0.4ಕ್ಕೆ ಇಳಿದರೆ ಸುಮಾರು 35 ಮೀಟರ್ ಬೇಕು. ಕಾಲು ಬ್ರೇಕ್ ಮೇಲೆ ಹೋಗೋಕೆ ಹಿಡಿಯೋ ಸಮಯ ಇದರಲ್ಲಿ ಸೇರಿಲ್ಲ. ಶಿರಾಡಿ ಘಾಟಿಯ ಇಳಿಜಾರು, ತಿರುವು, ಮಂಜು ಕೂಡ ಸೇರಿಲ್ಲ. ಎಬಿಎಸ್ ಇದೆಯಲ್ಲ ಅನ್ನಬೇಡಿ. ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತೆ, ಇರೋ ಹಿಡಿತವನ್ನ ಜಾಣತನದಿಂದ ಖರ್ಚು ಮಾಡುತ್ತೆ. ಇಲ್ಲದ ಹಿಡಿತವನ್ನ ಹುಟ್ಟಿಸೋಕೆ ಅದಕ್ಕಾಗಲ್ಲ.

ಕಾನೂನು ಇಲ್ವಾ? ಇದೆ. 2022ರ ಜೂನ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕಾರು, ಲಘು ಟ್ರಕ್, ಭಾರಿ ಟ್ರಕ್ ಮತ್ತು ಬಸ್ಸಿನ ಟೈರ್‌ಗಳಿಗೆ ಎಐಎಸ್-142 ಮಾನದಂಡ ಕಡ್ಡಾಯ ಮಾಡಿತು. ಆ ವರ್ಷದ ಅಕ್ಟೋಬರ್‌ನಿಂದ ಹೊಸ ವಿನ್ಯಾಸಗಳಿಗೆ, 2023ರಲ್ಲಿ ಹಳೆಯ ವಿನ್ಯಾಸಗಳಿಗೂ ಅದು ಬಂತು. ಒದ್ದೆ ರಸ್ತೆಯ ಹಿಡಿತವೂ ಅದರಲ್ಲಿದೆ. ಒಳ್ಳೆ ಹೆಜ್ಜೆ, ಒಪ್ಪೋಣ. ಆದರೆ ಅದು ಪಾಸು-ಫೇಲಿನ ಪರೀಕ್ಷೆ. 35 ಅಂಕ ತೆಗೆದವನೂ ಪಾಸು, 95 ತೆಗೆದವನೂ ಪಾಸು, ಮಾರ್ಕ್ಸ್ ಕಾರ್ಡ್ ಮಾತ್ರ ಕೊಳ್ಳುವವರ ಕೈಗೆ ಬರಲ್ಲ. ಇಂಧನ ದಕ್ಷತಾ ಬ್ಯೂರೋ ಟೈರ್‌ಗಳಿಗೆ ಸ್ಟಾರ್ ಲೇಬಲ್ ತಂದಿದೆ, ಆದರೆ ಆ ಸ್ಟಾರ್ ಇಂಧನ ಉಳಿತಾಯಕ್ಕೆ. ಯುರೋಪ್‌ನಲ್ಲಿ 2021ರ ಮೇ ತಿಂಗಳಿಂದ ಟ್ರಕ್ ಟೈರ್‌ಗಳಿಗೂ ಒದ್ದೆ ಹಿಡಿತಕ್ಕೆ ಎ ಇಂದ ಇ ತನಕ ದರ್ಜೆ ಕೊಡ್ತಾರೆ. ಹೊಸ ಗಾಡಿಯ ಜೊತೆ ಬರೋ ಟೈರಿನ ಮಾಹಿತಿಯನ್ನೂ ಮಾರಾಟಕ್ಕೆ ಮೊದಲೇ ಕೊಡಬೇಕು. ಹೊರದೇಶದಲ್ಲೆಲ್ಲ ಸರಿ ಇದೆ ಅಂತಲೂ ಅಲ್ಲ. ಪಿಕಪ್‌ಗಳ ತವರಾದ ಅಮೆರಿಕದಲ್ಲಿ ಕಾರಿನ ಟೈರ್ ಮೇಲೆ ಹಿಡಿತದ ದರ್ಜೆ ಅಚ್ಚಾಗಿರುತ್ತೆ, ಲಘು ಟ್ರಕ್ಕಿನ 'ಎಲ್‌ಟಿ' ಟೈರ್‌ಗೆ ಆ ನಿಯಮವೇ ಅನ್ವಯಿಸಲ್ಲ. ಭಾರ ಹೊರುವವರ ಪಾಲಿಗೆ ಅಲ್ಲೂ ಮಾಹಿತಿ ಕಡಿಮೆಯೇ.

ಭಾವ ಶೋರೂಮಿಗೆ ಹೋಗಿ ಕೇಳಿದ್ದರು. ಶೋರೂಮಿನವರು "ಟೈರ್ ವಾರಂಟಿ ನಮ್ಮದಲ್ಲ ಸಾರ್, ಟೈರ್ ಕಂಪನಿಯವರನ್ನ ಕೇಳಿ" ಅಂದರು. ಟೈರ್ ಕಂಪನಿಯವರು ಬಂದು ನೋಡಿ "ತಯಾರಿಕೆಯ ದೋಷ ಏನೂ ಇಲ್ಲ" ಅಂತ ಬರೆದುಕೊಟ್ಟರು. ಇಬ್ಬರೂ ಸುಳ್ಳು ಹೇಳಲಿಲ್ಲ. ವಾರಂಟಿ ಇರೋದು ಉಬ್ಬಿದ, ಬಿರುಕು ಬಿಟ್ಟ, ಪದರ ಕಿತ್ತ ಟೈರ್‌ಗೆ. ಜಾರುವುದು ದೋಷದ ಪಟ್ಟಿಯಲ್ಲೇ ಇಲ್ಲ. ಟೈರ್ ಆರಿಸಿದವರು ಒಬ್ಬರು, ಮಾಡಿದವರು ಒಬ್ಬರು, ಜಾರುವವರು ಮತ್ತೊಬ್ಬರು.

ಆ ಮೂರನೆಯವರ ಮೇಲೇ ಕೇಸು. ಘಾಟಿಯಲ್ಲಿ ಗಾಡಿ ಜಾರಿ ಯಾರಿಗಾದರೂ ಪೆಟ್ಟಾದರೆ ಮೊದಲು ನೆನಪಾಗೋದು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಹಿಂದಿನ ಐಪಿಸಿ 279. ಅತಿವೇಗ, ಅಜಾಗರೂಕತೆಯ ಚಾಲನೆ. ಟೈರ್ ಪೂರ್ತಿ ಬೋಳಾಗಿದ್ದರೆ, ಅಂದರೆ ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ, ಅದೂ ಗಾಡಿಯವರ ತಪ್ಪೇ. ಅದು ನ್ಯಾಯವೇ. ಆದರೆ ಹೊಸಾ ಟೈರು, ಗೀರು ಪೂರ್ತಿ ಇದೆ, ಆದರೂ ಒದ್ದೆಯಲ್ಲಿ ಹಿಡಿಯಲಿಲ್ಲ ಅಂದರೆ? ಅದನ್ನ ಬರೆಯೋಕೆ ಎಲ್ಲೂ ಜಾಗ ಇಲ್ಲ.

"ನಿಧಾನ ಹೋದರಾಯ್ತು" ಅನ್ನೋರಿದ್ದಾರೆ. ನಿಜ, ನಿಧಾನ ಹೋಗಲೇಬೇಕು. ಆದರೆ ತರಕಾರಿ ಬೆಳಗ್ಗೆ ಐದಕ್ಕೆ ಮಾರ್ಕೆಟ್‌ನಲ್ಲಿರಬೇಕು ಅಂತ ಕೂತಿರೋ ಊರಲ್ಲಿ, ತಡವಾದರೆ ಬಾಡಿಗೆ ಹಿಡಿಯೋ ವ್ಯಾಪಾರಿಯ ಕೆಳಗೆ, ನಿಧಾನ ಅನ್ನೋದು ಡ್ರೈವರ್ ಒಬ್ಬನ ಕೈಯಲ್ಲಿಲ್ಲ. "ದೊಡ್ಡ ಗೀರಿನ ಆಲ್-ಟೆರೇನ್ ಟೈರ್ ಹಾಕ್ಸಿ" ಅನ್ನೋದು ಇನ್ನೊಂದು ಸಲಹೆ. ಕೆಸರಿಗೆ ಅದು ಸರಿ. ಒದ್ದೆ ಡಾಂಬರಿನ ಮೇಲೆ ಅಂಥ ಕೆಲವು ಟೈರ್ ಇನ್ನೂ ಹೆಚ್ಚು ಜಾರಬಹುದು, ಯಾಕಂದರೆ ಗೀರು ಅಗಲವಾದಷ್ಟೂ ನೆಲ ಮುಟ್ಟೋ ರಬ್ಬರ್ ಕಡಿಮೆ. ಅಂತೂ ದರ್ಜೆ ಗೊತ್ತಿಲ್ಲದೆ ಟೈರ್ ಬದಲಿಸೋದೂ ಒಂದು ಲಾಟರಿಯೇ.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಪರೀಕ್ಷೆಯಲ್ಲಿ ಈಗಾಗಲೇ ಅಳೆದಿರೋ ಒದ್ದೆ ಹಿಡಿತದ ಅಂಕಿಯನ್ನ ಗಾಡಿಯ ಬ್ರೋಷರ್‌ನಲ್ಲಿ, ಮೈಲೇಜ್ ಪಕ್ಕದಲ್ಲೇ ಅಚ್ಚು ಹಾಕಿ. ಎರಡು ಥರದ ಟೈರ್ ಕೊಟ್ಟು ಆಯ್ಕೆ ಕೊಳ್ಳುವವರಿಗೆ ಬಿಡಿ. ರಿವ್ಯೂ ಮಾಡೋರು ಒಂದು ಸಲ ಜುಲೈ ತಿಂಗಳಲ್ಲಿ, ಖಾಲಿ ಗಾಡಿಯಲ್ಲಿ, ಗುಂಡ್ಯದಿಂದ ಮೇಲಕ್ಕೆ ಹತ್ತಿ ತೋರಿಸಿ. ನೀವು ಕಾರು ಕೊಳ್ಳೋರಾದರೂ ಶೋರೂಮಲ್ಲಿ ಇದನ್ನೇ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧ ಇರುತ್ತೆ. ಮುಂದಿನ ಸಲ ಘಾಟಿಯಲ್ಲಿ ಅಡ್ಡ ನಿಂತ ಪಿಕಪ್ಪಿನ ವಿಡಿಯೋ ಫೋನಿಗೆ ಬಂದಾಗ, ಡ್ರೈವರ್ ಕುಡಿದಿದ್ನಾ ಅಂತ ಟೈಪ್ ಮಾಡೋ ಮೊದಲು, ಅವನ ಕಾಲಡಿ ಇದ್ದ ರಬ್ಬರ್ ಎಂಥದ್ದು ಅಂತಲೂ ಒಂದು ಮಾತು ಕೇಳಿ.