ಪರದೆಯ ಹಿಂದಿನ ನಡೆ

ಉರ್ದುವಿನಲ್ಲಿ 'ಮನ್ಸೂಬಾ' ಎಂದರೆ ಯೋಜನೆ. ಉರ್ದು ಶಾಲೆಯಲ್ಲಿ ಕಲಿತ ನಮಗೆ ಈ ಶಬ್ದ ಮೊದಲು ಸಿಕ್ಕಿದ್ದು ಪಂಚವಾರ್ಷಿಕ ಯೋಜನೆಯ ಪಾಠದಲ್ಲಿ. ಹಳೆಯ ಅರಬಿ ಶತ್ರಂಜ್ ಗ್ರಂಥಗಳಲ್ಲಿ ಇದಕ್ಕೆ ಬೇರೊಂದು ಅರ್ಥವಿದೆ ಎಂದು ತಿಳಿದದ್ದು ಬಹಳ ತಡವಾಗಿ. ಮಣೆಯ ಮೇಲೆ ಕಾಯಿಗಳನ್ನು ಒಂದು ಸ್ಥಿತಿಯಲ್ಲಿ ಜೋಡಿಸಿಟ್ಟು, ಇಲ್ಲಿಂದ ಗೆಲ್ಲುವ ದಾರಿ ಹುಡುಕು ಎಂದು ಒಡ್ಡುವ ಸಮಸ್ಯೆಗೆ ಅವರು ಮನ್ಸೂಬಾ ಎನ್ನುತ್ತಿದ್ದರು. ಅಂಥ ಮನ್ಸೂಬಾಗಳಲ್ಲಿ ಬಹಳ ಹೆಸರಾದದ್ದು ದಿಲಾರಾಂಳದ್ದು. ಆಕೆಯ ಹೆಸರಿನ ಅರ್ಥ, ಮನಸ್ಸಿಗೆ ನೆಮ್ಮದಿ ಕೊಡುವವಳು.

ಕತೆ ಸರಳವಾದದ್ದು. ಒಬ್ಬ ಶತ್ರಂಜ್ ಹುಚ್ಚ. ಹೇಳುವವರು ಬದಲಾದಂತೆ ಅವನು ಒಮ್ಮೆ ಅಮೀರ, ಒಮ್ಮೆ ರಾಜಕುಮಾರ. ಇದ್ದುದನ್ನೆಲ್ಲ ಸೋತು ಕೊನೆಗೆ ಮಡದಿ ದಿಲಾರಾಂಳನ್ನೇ ಪಣಕ್ಕಿಡುತ್ತಾನೆ. ಆ ಆಟವೂ ಕೈಬಿಡುವ ಹೊತ್ತು ಬರುತ್ತದೆ. ಎದುರಾಳಿಗೆ ಒಂದು ನಡೆ ಸಿಕ್ಕರೆ ಮಾತ್. ಆಗ ಪರದೆಯ ಹಿಂದಿನಿಂದ ನೋಡುತ್ತಿದ್ದ ದಿಲಾರಾಂ ಗಂಡನಿಗೆ ಸೂಚನೆ ಕೊಡುತ್ತಾಳೆ: ನಿನ್ನ ಎರಡೂ ರುಖ್‌ಗಳನ್ನು ಕೊಡು, ನನ್ನನ್ನು ಕೊಡಬೇಡ. ಅವನು ಹಾಗೆಯೇ ಆಡಿ ಗೆಲ್ಲುತ್ತಾನೆ. ಎಚ್.ಜೆ.ಆರ್. ಮರ್ರೆ 1913ರಲ್ಲಿ ಪ್ರಕಟಿಸಿದ ಚದುರಂಗದ ಇತಿಹಾಸದಲ್ಲಿಯೂ ಈ ಕತೆಗೆ ಜಾಗ ಸಿಕ್ಕಿದೆ.

ಕತೆಯನ್ನು ಮೆಚ್ಚುವ ಮೊದಲು ಮಣೆಯನ್ನು ನೋಡಬೇಕು. ಮಣೆಯ ಬಲ ಅಂಚಿನ ಸಾಲಿನಲ್ಲಿ, ನಮ್ಮ ಕಡೆಯ ಮೂಲೆಯಲ್ಲಿ ಒಂದು ರುಖ್. ಈಗ ನಮ್ಮ ಮಕ್ಕಳು ಅದನ್ನು ಆನೆ ಎನ್ನುತ್ತಾರೆ. ಅದೇ ಸಾಲಿನ ಮೂರನೆಯ ಮನೆಯಲ್ಲಿ ಫೀಲ್, ಅದರ ಮುಂದೆ ಇನ್ನೊಂದು ರುಖ್. ಫೀಲ್ ಎಂದರೂ ಆನೆಯೇ. ಆದರೆ ಅದು ನಿಲ್ಲುತ್ತಿದ್ದುದು ಈಗ ಒಂಟೆ ನಿಲ್ಲುವ ಜಾಗದಲ್ಲಿ. ಶತ್ರಂಜ್‌ನ ಫೀಲ್ ಬಡಪಾಯಿ ಕಾಯಿ. ಓರೆಯಾಗಿ ಸರಿಯಾಗಿ ಎರಡನೆಯ ಮನೆಗೆ ಹಾರುವುದಷ್ಟೇ ಅದಕ್ಕೆ ಗೊತ್ತು. ಅರವತ್ನಾಲ್ಕು ಮನೆಗಳಲ್ಲಿ ಎಂಟನ್ನು ಮಾತ್ರ ಅದು ಮುಟ್ಟಬಲ್ಲದು. ಆದರೆ ನಡುವೆ ಯಾರಿದ್ದರೂ ದಾಟಿ ಹಾರುತ್ತದೆ. ಇಲ್ಲಿ ಅದರ ಓರೆ ದಾರಿಯಲ್ಲಿ ನಿಂತಿರುವುದು ನಮ್ಮದೇ ಕುದುರೆ. ಎದುರಾಳಿಯ ಶಾಹನ ಮುಂದೆ ನಮ್ಮ ಎರಡು ಕಾಲಾಳುಗಳು ಒತ್ತಿ ನಿಂತಿವೆ.

ಮೊದಲ ನಡೆಯಲ್ಲಿ ಮುಂದಿನ ರುಖ್ ಸಾಲಿನ ತುದಿಗೆ ಹೋಗಿ ಶಹ್ ಕೊಡುತ್ತದೆ. ಬೇರೆ ದಾರಿಯಿಲ್ಲದ ಶಾಹ ಅದನ್ನು ಹೊಡೆದು ಮೂಲೆಗೆ ಬರುತ್ತಾನೆ. ಈಗ ಫೀಲ್ ಕುದುರೆಯ ತಲೆಯ ಮೇಲಿಂದ ಹಾರುತ್ತದೆ. ಅದು ತೆರವಾದ ಸಾಲಿನಲ್ಲಿ ಹಿಂದಿನ ರುಖ್‌ನಿಂದ ಶಹ್. ಎದುರಾಳಿ ತನ್ನ ರುಖ್ ಅಡ್ಡ ಇಡುತ್ತಾನೆ. ನಮ್ಮ ರುಖ್ ಅದನ್ನು ಹೊಡೆದು ಮತ್ತೆ ಶಹ್ ಕೊಡುತ್ತದೆ. ಶಾಹ ಪಕ್ಕಕ್ಕೆ ಸರಿದರೆ ತಾನೂ ಸಾಲಿನ ತುದಿಗೆ ಹೋಗಿ ಪ್ರಾಣ ಕೊಡುತ್ತದೆ. ಎರಡೂ ರುಖ್‌ಗಳು ಹೋದವು. ಉಳಿದವರು ಸಣ್ಣವರು. ಕಾಲಾಳು ಒಂದು ಹೆಜ್ಜೆ ಇಟ್ಟು ಶಹ್ ಎನ್ನುತ್ತಾನೆ. ಕುದುರೆ ಹಾರಿ ಬಂದು ಮಾತ್ ಎನ್ನುತ್ತದೆ.

ಒಟ್ಟು ಆರು ನಡೆ, ಆರೂ ಶಹ್. ಒಂದು ನಡೆ ಸುಮ್ಮನೆ ಆಡಿದರೂ ಎದುರಾಳಿಗೆ ಉಸಿರು ಸಿಗುತ್ತದೆ, ನಮ್ಮ ಕತೆ ಮುಗಿಯುತ್ತದೆ. ಇನ್ನೂ ಸೂಕ್ಷ್ಮವಾದದ್ದು ಫೀಲ್‌ನ ಕೆಲಸ. ಅದು ಹಾರಿದ್ದು ದಾರಿ ಬಿಡುವುದಕ್ಕೆ ಮಾತ್ರವಲ್ಲ. ಹಾರಿ ಕುಳಿತ ಮನೆಯಿಂದ ಶಾಹ ತಪ್ಪಿಸಿಕೊಳ್ಳಬಹುದಾದ ಕೊನೆಯ ಮನೆಯನ್ನೂ ಅದು ಕಾಯುತ್ತಿದೆ. ಸಣ್ಣ ಕತೆ ಬರೆಯುವ ನಮಗೆ ಇದರಲ್ಲಿ ಪಾಠವಿದೆ. ನಡುವಿನಲ್ಲಿ ಬಂದ ಬಡ ಪಾತ್ರವೊಂದು ಕೊನೆಯ ಸಾಲಿನವರೆಗೂ ದುಡಿಯುತ್ತಿರಬೇಕು.

ಮನೆಯಲ್ಲಿ ಇದನ್ನು ಜೋಡಿಸಿ ನಮ್ಮ ಮಗಳಿಗೆ ತೋರಿಸಿದೆವು. ಅವಳು ಶಾಲೆಯಲ್ಲಿ ಕಲಿತ ಆಟದಂತೆ ಒಂಟೆಯನ್ನು ಓರೆಗೆ ಎಳೆದಳು. ಕುದುರೆ ಅಡ್ಡ ಸಿಕ್ಕಿತು. "ಅಬ್ಬಾ, ಈ ನಡೆ ಆಗೋದೇ ಇಲ್ಲ" ಎಂದಳು. ಸರಿಯೇ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಆಟದ ನಿಯಮ ಬದಲಾಗಿ ಈ ಕಾಯಿಗೆ ದೂರದ ಓಟ ಸಿಕ್ಕಿತು, ಹಾರುವ ಶಕ್ತಿ ಹೋಯಿತು.

ಈಗ ನಮ್ಮ ತಕರಾರು. ಈ ಕತೆಯನ್ನು ಹೇಳುವವರು ದಿಲಾರಾಂಳ ಜಾಣತನಕ್ಕೆ ತಲೆದೂಗಿ ಅಲ್ಲಿಗೇ ನಿಲ್ಲುತ್ತಾರೆ. ಆಟದಲ್ಲಿ ಮುಳುಗಿದ ಗಂಡನಿಗೆ ಕಾಣದ ನಡೆ ಅವಳಿಗೆ ಹೇಗೆ ಕಂಡಿತು? ಅವಳು ಅವನಿಗಿಂತ ಚೆನ್ನಾಗಿ ಆಡುತ್ತಿದ್ದಿರಬಹುದು. ಅದಕ್ಕಿಂತ ಹೆಚ್ಚಾಗಿ, ಹೋಗುವವಳು ಅವಳು. ಗಂಡನಿಗೆ ರುಖ್‌ಗಳ ಮೇಲೆ ಆಸೆಯಿತ್ತು, ಅವು ಅವನ ಬಲ. ಅವಳಿಗೆ ಆ ಆಸೆಯಿಲ್ಲ. ದೊಡ್ಡ ಕಾಯಿಗಳನ್ನು ಕೊಟ್ಟು ಸಣ್ಣವರಿಂದ ಗೆಲ್ಲುವ ದಾಳಿ ತನ್ನ ಬಲವನ್ನು ನಂಬಿ ಕುಳಿತವನ ಕಣ್ಣಿಗೆ ಬೀಳುವುದು ಕಷ್ಟ.

ಕನ್ನಡದ ಓದುಗರಿಗೆ ಇಲ್ಲಿ ದ್ರೌಪದಿ ನೆನಪಾಗದೆ ಇರುವುದಿಲ್ಲ. ಅದು ಪಗಡೆ, ದಾಳದ ಆಟ. ಅಲ್ಲಿ ನೋಡಿ ಹೇಳಬಹುದಾದ ನಡೆಯಿರಲಿಲ್ಲ. ದ್ರೌಪದಿ ಪ್ರಶ್ನೆ ಕೇಳಿದಳು: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ದಿಲಾರಾಂ ಉತ್ತರ ಹೇಳಿದಳು, ಪ್ರಶ್ನೆ ಕೇಳಲಿಲ್ಲ. ನನ್ನನ್ನು ಪಣಕ್ಕಿಡಲು ನೀನು ಯಾರು ಎಂಬ ಮಾತು ಈ ಕತೆಯಲ್ಲಿ ಎಲ್ಲಿಯೂ ಇಲ್ಲ. ಕತೆಯ ಕೊರತೆ ಇದೇ ಎಂದು ನಮಗೆ ಅನಿಸುತ್ತದೆ. ಗೆದ್ದ ಗಂಡ ನಾಳೆ ಮತ್ತೆ ಮಣೆ ಹಾಸುವುದಿಲ್ಲವೆಂದು ಯಾರು ಹೇಳಬಲ್ಲರು?

ಈ ಕೊರತೆಯನ್ನು ತುಂಬಿದವರು ಪ್ರೇಮಚಂದರು ಎಂದು ನಾವು ಭಾವಿಸುತ್ತೇವೆ. 1924ರ ಅವರ 'ಶತರಂಜ್ ಕೆ ಖಿಲಾಡಿ' ವಾಜಿದ್ ಅಲಿ ಶಾಹನ ಲಖನೌದ ಕತೆ. ಮಿರ್ಜಾ ಸಜ್ಜಾದ್ ಅಲಿ, ಮೀರ್ ರೋಷನ್ ಅಲಿ ಇಬ್ಬರಿಗೂ ಮಣೆಯ ಮೇಲಿನ ದಾಳಿಯೆಲ್ಲ ಕಾಣುತ್ತದೆ. 1856ರಲ್ಲಿ ಅವಧ್ ಕಂಪನಿಯ ಕೈಸೇರುವುದು, ನವಾಬ ಸೆರೆಯಾಗಿ ಹೋಗುವುದು ಮಾತ್ರ ಕಾಣುವುದಿಲ್ಲ. ಕೊನೆಗೆ ಮರದ ಶಾಹನಿಗಾಗಿ ಕತ್ತಿ ಹಿರಿದು ಇಬ್ಬರೂ ಸಾಯುತ್ತಾರೆ.

ಆ ಕತೆಯಲ್ಲಿ ದಾಳಿಯ ನಿಜವಾದ ನಡೆ ಒಂದೇ. ಅದು ಮಿರ್ಜಾನ ಬೇಗಂಳದ್ದು. ತಲೆನೋವೆಂದು ಕರೆದರೂ ಗಂಡ ಏಳದಿದ್ದಾಗ ಅವಳು ದಿವಾನಖಾನೆಗೆ ನುಗ್ಗಿ ಆಟವನ್ನೇ ಮಗುಚಿ, ಕಾಯಿಗಳನ್ನು ಎಸೆದು, ಬಾಗಿಲು ಹಾಕಿಕೊಳ್ಳುತ್ತಾಳೆ. ಪರದೆಯ ಹಿಂದೆ ನಿಂತು ನಡೆ ಸೂಚಿಸುವುದಿಲ್ಲ. ಆದರೆ ಪ್ರೇಮಚಂದರು ಅವಳಿಗೆ ಸುಲಭದ ಗೆಲುವು ಕೊಡುವುದಿಲ್ಲ. ಆಟ ಮೀರ್‌ನ ಮನೆಗೆ ಹೋಗುತ್ತದೆ, ಅಲ್ಲಿಂದ ಗೋಮತಿಯಾಚೆಯ ಪಾಳು ಮಸೀದಿಗೆ. ಸತ್ಯಜಿತ್ ರೇ 1977ರ ಚಿತ್ರದಲ್ಲಿ ಇಬ್ಬರನ್ನೂ ಬದುಕಿಸಿ ಮತ್ತೆ ಆಟಕ್ಕೆ ಕೂರಿಸಿದರು, ಅದೂ ಇಂಗ್ಲಿಷರ ನಿಯಮದಲ್ಲಿ. ಸಾವಿಗಿಂತ ಇದು ಕಹಿಯಾದ ಕೊನೆ.

ದಿಲಾರಾಂಳ ನಡೆ ಗೆದ್ದಿತು, ಮಣೆ ಹಾಗೆಯೇ ಉಳಿಯಿತು. ಬೇಗಂಳ ನಡೆ ಸೋತಿತು, ಆದರೆ ಅವಳು ಮಗುಚಿದ್ದು ಆ ಮಣೆಯನ್ನೇ. ಸಮಸ್ಯೆ ಬಿಡಿಸುವವರಿಗೆ ಮೊದಲನೆಯದು ಸಾಕು. ಕತೆ ಬರೆಯುವ ನಾವು ಎರಡನ್ನೂ ಒಟ್ಟಿಗೆ ಓದಬೇಕು. ನಮ್ಮ ಮನೆಗಳಲ್ಲಿ ಇಂದಿಗೂ ಮಗಳ ಓದು, ಮದುವೆ, ಒಡವೆಯ ಮಾತು ದಿವಾನಖಾನೆಯಲ್ಲಿ ನಡೆಯುತ್ತದೆ. ಅಲ್ಲಿ ಪಣಕ್ಕಿರುವವಳು ಒಳಗಿನ ಕೋಣೆಯಲ್ಲಿ ಇರುತ್ತಾಳೆ. ಅವಳಿಗೆ ಯಾವ ನಡೆ ಕಾಣುತ್ತಿದೆ ಎಂದು ಕೇಳುವವರು ಕಡಿಮೆ.