ಡ್ರಿಪ್ ಮೊದಲು, ಸೂಜಿ ಕೊನೆಗೆ

ವಾಂತಿ ಮಾಡಿಕೊಂಡು ಊಟ ಬಿಟ್ಟ ನಾಯಿಯನ್ನು ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ಕ್ಲಿನಿಕ್ಕಿಗೆ ಒಯ್ದರೆ ನಡೆಯುವುದು ಹೆಚ್ಚುಕಡಿಮೆ ಒಂದೇ ಕ್ರಮ: ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಒಂದು ಆಂಟಿಬಯಾಟಿಕ್, ರಕ್ತಪರೀಕ್ಷೆ. ಪ್ಲೇಟ್‌ಲೆಟ್ ಕಡಿಮೆ ಬಂತೋ, ಟಿಕ್ ಫೀವರ್ ಎಂದು ಬರೆದಾಯಿತು. ಉಣ್ಣೆ ಹತ್ತದ ನಾಯಿ ಬೆಂಗಳೂರಿನಲ್ಲಿ ಅಪರೂಪ, ಹಾಗಾಗಿ ಊಹೆ ಬಹಳ ಸಲ ಸರಿಯೇ ಇರುತ್ತದೆ. ಆದರೆ ಕರುಳು ತೂತಾಗಿ ಹೊಟ್ಟೆಯೊಳಗೆ ಕೀವು ತುಂಬುತ್ತಿರುವ ನಾಯಿಗೂ ಜ್ವರ ಬರುತ್ತದೆ, ಮಂಕು ಕವಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಡ್ರಿಪ್ ಏರಿಸಿದ ದಿನ ತುಸು ಚೇತರಿಸಿಕೊಂಡಂತೆಯೂ ಕಾಣುತ್ತದೆ.

ಪೆರಿಟೊನೈಟಿಸ್, ಅಂದರೆ ಹೊಟ್ಟೆಯ ಒಳಪೊರೆಯ ಉರಿಯೂತ, ನಾಯಿಗಳಲ್ಲಿ ತಾನಾಗಿ ಹುಟ್ಟುವುದು ಕಡಿಮೆ. ಬಹುಪಾಲು ಒಳಗೆಲ್ಲೋ ಸೋರಿಕೆಯಾಗಿರುತ್ತದೆ. ಬೀದಿಬದಿ ತಿಂದು ಎಸೆದ ಮುಸುಕಿನ ಜೋಳದ ದಿಂಡು, ಬೇಸಿಗೆಯಲ್ಲಿ ಮಾವಿನ ಗೊರಟೆ, ಕಬಾಬಿನ ಕಡ್ಡಿ. ದಿಂಡಾಗಲಿ ಕಡ್ಡಿಯಾಗಲಿ ಎಕ್ಸ್‌ರೇಯಲ್ಲಿ ಸಲೀಸಾಗಿ ಕಾಣುವುದಿಲ್ಲ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಗರ್ಭಕೋಶ ಕೀವು ತುಂಬಿ ಒಡೆಯಬಹುದು. ಗಾಡಿ ಗುದ್ದಿ ಮೂತ್ರಕೋಶ ಹರಿಯಬಹುದು. ಬೆಕ್ಕಿಗಾದರೆ ಹೂ ಕಟ್ಟಿದ ದಾರವೇ ಸಾಕು. ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಉಳಿದದ್ದು ಕರುಳಿಗಿಳಿಯುತ್ತದೆ. ಕರುಳು ಅದರ ಮೇಲೆ ನೆರಿಗೆ ಕಟ್ಟುತ್ತ ಹೋಗಿ, ದಾರ ಗೋಡೆಯನ್ನೇ ಕೊಯ್ಯುತ್ತದೆ. ವಾಂತಿ ಮಾಡುವ ಬೆಕ್ಕಿನ ನಾಲಿಗೆ ಎತ್ತಿ ನೋಡಲು ಒಂದು ಪೈಸೆ ಖರ್ಚಿಲ್ಲ, ಆದರೂ ನೋಡುವವರು ಕಡಿಮೆ.

ಇಂಥ ಸೋರಿಕೆ ಪತ್ತೆಮಾಡಲು ಹೊಟ್ಟೆಗೆ ಸೂಜಿ ಹಾಕುವುದು ಹೊಸ ವಿದ್ಯೆಯೇನಲ್ಲ. ತಂತಿ, ಮೊಳೆ ನುಂಗಿದ ದನದ ಹೊಟ್ಟೆಯಲ್ಲಿ ಇದೇ ರೋಗವನ್ನು ಪಶುವೈದ್ಯರು ತಲೆಮಾರುಗಳಿಂದ ಕಂಡವರು. ನಾಯಿಗಾದರೆ ಹೊಕ್ಕುಳಿನ ಸುತ್ತ ನಾಲ್ಕು ಕಡೆ ಕೂದಲು ಬೋಳಿಸಿ, ಸಣ್ಣ ಸೂಜಿಯಿಂದ ನೀರು ತೆಗೆದು, ಸ್ಲೈಡಿಗೆ ಸವರಿ ಬಣ್ಣ ಹಾಕಿ ನೋಡಬೇಕು. ಬಿಳಿ ರಕ್ತಕಣದ ಒಳಗೇ ಬ್ಯಾಕ್ಟೀರಿಯಾ ಕಂಡರೆ ಚರ್ಚೆ ಮುಗಿಯಿತು, ಆಪರೇಷನ್. ಕಾಣದಿದ್ದರೆ ಗ್ಲೂಕೋಸ್ ನೋಡಬೇಕು: ರಕ್ತಕ್ಕಿಂತ ಹೊಟ್ಟೆನೀರಿನಲ್ಲಿ ಡೆಸಿಲೀಟರಿಗೆ 20 ಮಿಲಿಗ್ರಾಂಗೂ ಮೀರಿ ಕಡಿಮೆಯಿದ್ದರೆ ಸೋಂಕಿನ ಗುಮಾನಿ ಗಟ್ಟಿ. ಕ್ರಿಯಾಟಿನಿನ್ ರಕ್ತದ ಎರಡರಷ್ಟಿದ್ದರೆ ಅದು ಮೂತ್ರ, ಬಿಲಿರುಬಿನ್ ಎರಡರಷ್ಟಿದ್ದರೆ ಪಿತ್ತ. ಇಷ್ಟು ಹೇಳುವ ಪರೀಕ್ಷೆಯನ್ನು ಬಿಟ್ಟು ಮೊದಲು ಸ್ಕ್ಯಾನಿಗೆ ಚೀಟಿ ಬರೆದು ಇನ್ನೊಂದೆಡೆ ಅಟ್ಟುವುದನ್ನು ನಾನು ಒಪ್ಪಲಾರೆ. ನೀರಿದೆ ಎಂದು ಸ್ಕ್ಯಾನ್ ಹೇಳುತ್ತದೆ, ಯಾವ ನೀರು ಎಂದು ಹೇಳುವುದಿಲ್ಲ. ಸೂಜಿ ಎಲ್ಲಿ ಹಾಕಬೇಕೆಂದು ತೋರಿಸಲು ಸ್ಕ್ಯಾನ್ ಬೇಕು, ನಿಜ; ಆಗ ಎರಡೂ ಒಂದೇ ಮೇಜಿನ ಮೇಲೆ ಆಗಬೇಕು. ‘ಹೊಟ್ಟೆಗೇ ಚುಚ್ಚಿಬಿಟ್ರು’ ಎಂದು ಸಾಕಿದವರು ಜಗಳಕ್ಕೆ ಬಂದಾರೆಂಬ ಅಳುಕೂ ವೈದ್ಯರನ್ನು ತಡೆಯುತ್ತದೆ.

ಬೆಕ್ಕಿನ ಎಫ್‌ಐಪಿ, ಅಂದರೆ ಕೊರೊನಾವೈರಸ್‌ನಿಂದ ಬರುವ ಪೆರಿಟೊನೈಟಿಸ್ ವಿಷಯದಲ್ಲಿ ತಪ್ಪು ತಿರುಗುಮುರುಗು. ಇಲ್ಲಿ ತಡವಲ್ಲ, ಆತುರ. ಕೊರೊನಾವೈರಸ್ ಆಂಟಿಬಾಡಿ ಕಿಟ್‌ನಲ್ಲಿ ಗೆರೆ ಮೂಡಿದೊಡನೆ ತೀರ್ಪು. ಹಲವು ಬೆಕ್ಕು ಒಟ್ಟಿಗಿರುವ ಮನೆಯಲ್ಲಿ ಆರೋಗ್ಯವಾಗಿರುವ ಬೆಕ್ಕಿಗೂ ಆ ಗೆರೆ ಮೂಡುತ್ತದೆ. ಕರುಳಿನ ಸಾದಾ ವೈರಸ್ ರೂಪಾಂತರಗೊಂಡ ಕೆಲವು ಬೆಕ್ಕುಗಳಲ್ಲಷ್ಟೇ ಎಫ್‌ಐಪಿ. ಅಂಟಂಟಾದ ಹಳದಿ ನೀರು, ಆಲ್ಬುಮಿನ್-ಗ್ಲೋಬ್ಯುಲಿನ್ ಅನುಪಾತ 0.4ಕ್ಕಿಂತ ಕೆಳಗೆ, ಇವು ಕಿಟ್‌ಗಿಂತ ಮೇಲು. ಇನ್ನು ರಿವಾಲ್ಟಾ ಪರೀಕ್ಷೆ: ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಅಸೆಟಿಕ್ ಆಮ್ಲ ಬೆರೆಸಿ, ಮೇಲಿಂದ ಹೊಟ್ಟೆನೀರಿನ ಹನಿ ಬಿಡುವುದು. ಹನಿ ಕರಗಿಹೋದರೆ ಎಫ್‌ಐಪಿ ಬಹುತೇಕ ಅಲ್ಲ. ಕರಗದೆ ನಿಂತರೆ ಖಾತ್ರಿಯಿಲ್ಲ, ಬ್ಯಾಕ್ಟೀರಿಯಾದ ಕೀವೂ ಹಾಗೆಯೇ ನಿಲ್ಲುತ್ತದೆ. 2019ರವರೆಗೆ ಈ ರೋಗವೆಂದರೆ ಸಾವೇ. ಆ ವರ್ಷ ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು ಜಿಎಸ್-441524 ಔಷಧದ ಫಲಿತಾಂಶ ಪ್ರಕಟಿಸಿದ ಮೇಲೆ 84 ದಿನಗಳ ಚಿಕಿತ್ಸೆ ರೂಢಿಯಾಯಿತು. ಕರುಳು ತೂತಾದ ಬೆಕ್ಕಿಗೆ ಆ ದುಬಾರಿ ಔಷಧ ಕೊಡುತ್ತ ಕೂತರೆ ಅದು ವಾರ ಕಳೆಯುವುದೂ ಕಷ್ಟ.

ಸೂಜಿಗೂ ಮಿತಿಯಿದೆ. ನೀರು ಕಡಿಮೆಯಿದ್ದಾಗ ಖಾಲಿ ಬರುತ್ತದೆ. ಆಗ ಬೆಚ್ಚಗಿನ ಸಲೈನ್ ಕೆ.ಜಿ.ಗೆ 20 ಮಿ.ಲೀ.ನಂತೆ ಒಳಬಿಟ್ಟು, ಪ್ರಾಣಿಯನ್ನು ಹೊರಳಿಸಿ, ಮತ್ತೆ ಎಳೆಯಬೇಕು. ಆಪರೇಷನ್ ಆದಮೇಲೂ ಸೋರಬಹುದು: ಕರುಳಿಗೆ ಹಾಕಿದ ಹೊಲಿಗೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಮೂರರಿಂದ ಐದನೆಯ ದಿನದೊಳಗೆ. ಆಗ ಎಕ್ಸ್‌ರೇಯಲ್ಲಿ ಕಾಣುವ ಗಾಳಿ ಆಪರೇಷನ್ನಿನದೇ ಇರಬಹುದು, ಗ್ಲೂಕೋಸಿನ ಲೆಕ್ಕವೂ ಮೋಸ ಮಾಡಬಹುದು. ಸ್ಲೈಡ್ ನೋಡದೆ ಗತಿಯಿಲ್ಲ.