ಒಂಟಿ ಸುತ್ತಿನ ಕರ್ಣಕುಂಡಲ

ಬೀಜದಿಂದ ಮೊಳೆತು, ಹೂ ಬಿಟ್ಟು, ಮತ್ತೆ ಬೀಜ ಕಟ್ಟಿ ಒಂದೇ ವರ್ಷದೊಳಗೆ ಬಾಳನ್ನು ಮುಗಿಸುವ ಏಕವಾರ್ಷಿಕ ಸಸ್ಯಗಳಲ್ಲಿ, ಈ ನಾಡಿನದೇ ಆಗಿದ್ದು ಮನೆಯ ಕೈತೋಟಕ್ಕೂ ಸುಲಭವಾಗಿ ಒಗ್ಗುವ ಹೂಗಿಡ ಕರ್ಣಕುಂಡಲ. 1753ರಲ್ಲಿ ಲಿನೇಯಸ್ ಇಂಪೇಷಿಯನ್ಸ್ ಬಾಲ್ಸಮಿನಾ ಎಂದು ಹೆಸರಿಸಿದ ಈ ಗಿಡ ಮಳೆಗಾಲದಲ್ಲಿ ಮಲೆನಾಡಿನ ಧರೆಗಳ ಮೇಲೂ ಹಳ್ಳದ ಬದಿಗಳಲ್ಲೂ ತಾನಾಗಿ ಹುಟ್ಟುತ್ತದೆ. ಬೀಜದ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಮಾತ್ರ ಗುಲಾಬಿಯಂತೆ ಎಸಳು ತುಂಬಿದ ಸುತ್ತುಹೂವಿನ ತಳಿ.

ಆದರೂ ಪಾತಿಯ ಮೊದಲ ಸ್ಥಾನ ಒಂಟಿ ಸುತ್ತಿನ ಕಾಡುಹೂವಿಗೇ ಸಲ್ಲಬೇಕು, ಏಕೆಂದರೆ ಈ ಕುಲದ ಅಪೂರ್ವ ರಚನೆ ಅದರಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಹೂವಿನ ಹೊರಗವಚದ ಭಾಗಗಳಾದ ಪುಷ್ಪಪತ್ರಗಳಲ್ಲಿ ಒಂದು ದೋಣಿಯ ಆಕಾರ ತಾಳಿ, ಹಿಂದಕ್ಕೆ ಬಾಗಿದ ತೆಳ್ಳನೆಯ ಕೊಳವೆಯಾಗಿ ಚಾಚಿ ಮಕರಂದವನ್ನು ಹಿಡಿದಿಡುತ್ತದೆ. ಐದು ಕೇಸರಗಳ ಪರಾಗಕೋಶಗಳು ಒಂದಕ್ಕೊಂದು ಕೂಡಿಕೊಂಡು, ಪರಾಗವನ್ನು ಸ್ವೀಕರಿಸುವ ಶಲಾಕಾಗ್ರವನ್ನು ಟೊಪ್ಪಿಗೆಯಂತೆ ಮುಚ್ಚಿರುತ್ತವೆ. ಮಕರಂದ ಅರಸಿ ಬಂದ ದುಂಬಿಯ ಬೆನ್ನಿಗೆ ಪರಾಗ ಬಳಿದ ಬಳಿಕ ಆ ಟೊಪ್ಪಿಗೆ ಕಳಚಿ ಬಿದ್ದು, ಹೂವು ಅಲ್ಲಿಂದಾಚೆಗೆ ಹೆಣ್ಣಾಗಿ ವರ್ತಿಸುತ್ತದೆ. ಇಷ್ಟು ಸೊಗಸಾದ ಏರ್ಪಾಡನ್ನು ಸುತ್ತುಹೂವಿನ ಹೆಚ್ಚುವರಿ ಎಸಳುಗಳು ಮರೆಮಾಡುತ್ತವೆ.

ಬಿತ್ತನೆಗೆ ಮುಂಗಾರಿನ ಆರಂಭವೇ ತಕ್ಕ ಕಾಲ. ಎಲೆಗೊಬ್ಬರ ಬೆರೆಸಿದ, ನೀರು ನಿಲ್ಲದ ಮಣ್ಣಿನಲ್ಲಿ ಬೀಜ ಚೆಲ್ಲಿ ತೆಳುವಾಗಿ ಮಣ್ಣು ಮುಚ್ಚಿದರೆ ಒಂದು ವಾರದಿಂದ ಹತ್ತು ದಿನದೊಳಗೆ ಮೊಳಕೆ ಕಾಣುತ್ತದೆ. ಸಸಿಗಳ ನಡುವೆ ಸುಮಾರು ಒಂದು ಅಡಿ ಅಂತರ ಬೇಕು. ಒತ್ತಾಗಿ ಬೆಳೆದರೆ ನೀರು ತುಂಬಿದ ಮೆದು ಕಾಂಡ ಬುಡದಲ್ಲೇ ಕೊಳೆಯುತ್ತದೆ. ಎರಡು ತಿಂಗಳ ಹೊತ್ತಿಗೆ ಹೂ ಬರುತ್ತದೆ. ಎಲೆ ತಿನ್ನುವ, ಬಾಲದ ತುದಿಯಲ್ಲಿ ಕೊಂಬುಳ್ಳ ದಪ್ಪ ಹುಳು ಕಂಡರೆ ಅದನ್ನು ಕೊಲ್ಲುವುದು ಸಲ್ಲದು. ಅದು ವೇಗವಾಗಿ ಹಾರುವ ದೊಡ್ಡ ಪತಂಗದ ಮರಿ.

ಬೀಜ ಸಂಗ್ರಹಕ್ಕೆ ಮಾತ್ರ ಎಚ್ಚರ ಅಗತ್ಯ. ರೋಮಭರಿತ ಕಾಯಿ ಬಲಿತು ಬಿಳಿಚಿದಾಗ ಅದರ ಗೋಡೆಗಳಲ್ಲಿ ಬಿಗಿತ ತುಂಬಿರುತ್ತದೆ. ತುಸು ಸೋಕಿದರೂ ಐದು ಹೋಳುಗಳು ಸುರುಳಿ ಸುತ್ತಿ ಬೀಜವನ್ನು ದೂರಕ್ಕೆ ಸಿಡಿಸುವುದರಿಂದ ಕಾಯಿಯನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿಯೇ ಕೀಳಬೇಕು. ಬೀಜವನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಟ್ಟರೆ ಮುಂದಿನ ಮುಂಗಾರಿಗೆ ಒದಗುತ್ತದೆ. ಸುತ್ತುಹೂವಿನ ಗಿಡ ಸಮೀಪದಲ್ಲಿದ್ದರೆ ದುಂಬಿಗಳಿಂದ ಪರಾಗ ಬೆರೆತು ತಳಿ ಕೆಡಬಹುದಾದ್ದರಿಂದ ಎರಡನ್ನೂ ದೂರವಿಡುವುದು ಲೇಸು. ಪಶ್ಚಿಮಘಟ್ಟದಲ್ಲಿ ಇದೇ ಕುಲದ ಅನೇಕ ಪ್ರಭೇದಗಳು ಕೆಲವೇ ಬೆಟ್ಟಗಳಿಗೆ ಸೀಮಿತವಾಗಿವೆ. ಅವುಗಳ ಗಿಡವನ್ನಾಗಲಿ ಬೀಜವನ್ನಾಗಲಿ ಕೈತೋಟಕ್ಕೆಂದು ಕಾಡಿನಿಂದ ತರಲೇಬಾರದು.